ಫಿಲಿಪ್ಪೀನ್ಸ್‌ನ ಕಾಲೇಜು ಸಹಾಯಧನ: ಪದವಿ ಮುಗಿಯುವವರೆಗೆ ಉಳಿಸಿಕೊಳ್ಳುವುದು ಹೇಗೆ?

ಕೊಲ್ಲಿ ರಾಷ್ಟ್ರಗಳ ಆಸ್ಪತ್ರೆ, ಹೋಟೆಲು, ಕಚೇರಿಗಳಲ್ಲಿ ದುಡಿಯುವ ಕನ್ನಡಿಗರಿಗೆ ಫಿಲಿಪಿನೊ ಸಹೋದ್ಯೋಗಿಗಳು ಹೊಸಬರಲ್ಲ. ತಿಂಗಳ ಸಂಬಳದ ದೊಡ್ಡ ಪಾಲನ್ನು ಊರಿಗೆ ಕಳಿಸುವ ಅವರಿಗೆ, ಮನೆಯ ಮಗನೋ ತಂಗಿಯೋ ಕಾಲೇಜಿನಲ್ಲಿದ್ದರೆ ಟಿಇಎಸ್ ಎಂಬ ಮೂರಕ್ಷರ ಚೆನ್ನಾಗಿ ಗೊತ್ತಿರುತ್ತದೆ. ಟರ್ಷಿಯರಿ ಎಜುಕೇಶನ್ ಸಬ್ಸಿಡಿ ಎಂಬ ಈ ಸರ್ಕಾರಿ ಸಹಾಯಧನಕ್ಕೆ ಆಯ್ಕೆಯಾಗುವುದು ಬಹುಮಟ್ಟಿಗೆ ಬಡ ಕುಟುಂಬಗಳ ಸರ್ಕಾರಿ ಪಟ್ಟಿಯ ಮೇಲೆ, ಅಂದರೆ ಕುಟುಂಬದ ವರಮಾನದ ಮೇಲೆ ನಿಂತಿರುವ ವಿಚಾರ. ಆಯ್ಕೆಯಾದ ಮೇಲೆ ಅದು ಕೈಬಿಟ್ಟು ಹೋಗದಂತೆ ನೋಡಿಕೊಳ್ಳುವುದು ಮಾತ್ರ ವಿದ್ಯಾರ್ಥಿಯ ಕೈಯಲ್ಲೇ ಇದೆ.

2017ರ ಆಗಸ್ಟ್ 3ರಂದು ಅಂದಿನ ಅಧ್ಯಕ್ಷ ರೊಡ್ರಿಗೊ ಡುಟರ್ಟೆ ಅವರು ಸಹಿ ಹಾಕಿದ ಗಣರಾಜ್ಯ ಕಾಯ್ದೆ 10931ರಿಂದ ಹುಟ್ಟಿಕೊಂಡ ಸೌಲಭ್ಯಗಳಲ್ಲಿ ಎರಡು ಇಲ್ಲಿ ಮುಖ್ಯ. ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಮತ್ತು ಮಾನ್ಯತೆ ಪಡೆದ ಸ್ಥಳೀಯ ಆಡಳಿತಗಳ ಕಾಲೇಜುಗಳಲ್ಲಿ ಬೋಧನಾ ಶುಲ್ಕವನ್ನು ಮನ್ನಾ ಮಾಡಿದ್ದು ಒಂದು. ಶುಲ್ಕದಾಚೆಗಿನ ಪುಸ್ತಕ, ಪ್ರಯಾಣ, ಊಟ, ವಸತಿಯ ಖರ್ಚಿಗೆ ಹಾಗೂ ಖಾಸಗಿ ಕಾಲೇಜಿನಲ್ಲಿ ಓದುವವರ ಶುಲ್ಕಕ್ಕೆ ನೆರವು ನೀಡುವ ಟಿಇಎಸ್ ಇನ್ನೊಂದು. ಮೊದಲನೆಯದು ಇದೆಯೆಂದ ಮಾತ್ರಕ್ಕೆ ಎರಡನೆಯದು ತಾನಾಗಿಯೇ ಬರುವುದಿಲ್ಲ. ಆರಂಭದಲ್ಲಿ ಖಾಸಗಿ ಕಾಲೇಜಿನವರಿಗೆ ವರ್ಷಕ್ಕೆ 60,000 ಪೆಸೊ, ಸರ್ಕಾರಿ ಕಾಲೇಜಿನವರಿಗೆ 40,000 ಪೆಸೊ ಇದ್ದ ಈ ನೆರವು, ಇತ್ತೀಚಿನ ವರ್ಷಗಳಲ್ಲಿ ಹೊಸದಾಗಿ ಆಯ್ಕೆಯಾದವರಿಗೆ 20,000 ಪೆಸೊಗೆ ಇಳಿದಿದೆ. ಹೀಗಾಗಿ ಅಣ್ಣನಿಗೆ ಬಂದಷ್ಟೇ ಮೊತ್ತ ತಮ್ಮನಿಗೂ ಬರುತ್ತದೆಂದು ಮನೆಯ ಲೆಕ್ಕ ಹಾಕಿಕೊಳ್ಳಬಾರದು. ಉನ್ನತ ಶಿಕ್ಷಣ ಆಯೋಗದೊಂದಿಗೆ ಕೆಲಸ ಮಾಡುವ ಯೂನಿಫಾಸ್ಟ್ ಎಂಬ ಸಂಸ್ಥೆ ಇದನ್ನು ನಿರ್ವಹಿಸುತ್ತದೆ.

ವೈದ್ಯಕೀಯ ಓದಿಗೆಂದು ದಾವಾವ್‌ಗೋ ಮನಿಲಾಕ್ಕೋ ಹೋಗಿರುವ ನಮ್ಮ ವಿದ್ಯಾರ್ಥಿಗಳು ಈ ಲೇಖನವನ್ನು ಇಲ್ಲಿಗೇ ಬಿಡಬಹುದು. ಈ ನೆರವು ಫಿಲಿಪ್ಪೀನ್ಸ್‌ನ ಪ್ರಜೆಗಳಿಗೆ, ಅದೂ ಮೊದಲ ಪದವಿ ಓದುತ್ತಿರುವವರಿಗೆ ಮಾತ್ರ.

ಮೊದಲು ವರ್ಷಗಳ ಲೆಕ್ಕ

ಪದವಿಗೆ ನಿಗದಿಯಾದ ಅವಧಿ ಮತ್ತು ಅದರ ಮೇಲೆ ಒಂದು ವರ್ಷ, ಇಷ್ಟೇ ಈ ಸೌಲಭ್ಯದ ಆಯುಸ್ಸು. ನಾಲ್ಕು ವರ್ಷದ ನರ್ಸಿಂಗ್ ಪದವಿಗೆ ಐದು ವರ್ಷ, ಐದು ವರ್ಷದ ವಾಸ್ತುಶಿಲ್ಪ ಪದವಿಗೆ ಆರು ವರ್ಷ. ಒಂದು ವರ್ಷದ ಈ ರಿಯಾಯಿತಿ ಉದಾರವಾಗಿಯೇ ಕಾಣುತ್ತದೆ, ಆದರೆ ಅದು ಕರಗುವ ಬಗೆ ಮೋಸದ್ದು. ಎರಡನೆಯ ವರ್ಷದಲ್ಲಿ ಒಂದು ವಿಷಯ ಅನುತ್ತೀರ್ಣವಾಗುತ್ತದೆ. ಆ ವಿಷಯ ಮುಂದಿನದಕ್ಕೆ ಮೆಟ್ಟಿಲಾಗಿದ್ದು, ವರ್ಷದಲ್ಲಿ ಒಂದೇ ಸೆಮಿಸ್ಟರಿನಲ್ಲಿ ಅದನ್ನು ಬೋಧಿಸುವ ಕಾಲೇಜಾಗಿದ್ದರೆ, ಒಂದು ವಿಷಯದ ಸೋಲು ಇಡೀ ವರ್ಷವನ್ನೇ ನುಂಗುತ್ತದೆ. ಆದ್ದರಿಂದ ಕೋರ್ಸು ಬದಲಿಸುವ ಅಥವಾ ಬೇರೆ ಕಾಲೇಜಿಗೆ ಹೋಗುವ ಯೋಚನೆ ಬಂದಾಗ, ಹೊಸ ಕಡೆ ಎಷ್ಟು ವಿಷಯಗಳನ್ನು ಮಾನ್ಯ ಮಾಡುತ್ತಾರೆ, ಇನ್ನೆಷ್ಟು ಸೆಮಿಸ್ಟರ್ ಉಳಿಯುತ್ತದೆ, ಸಹಾಯಧನ ಮುಂದುವರಿಯುತ್ತದೆಯೇ ಎಂಬ ಮೂರೂ ಪ್ರಶ್ನೆಗಳಿಗೆ ಕಾಗದದ ಮೇಲೆ ಉತ್ತರ ಪಡೆದ ನಂತರವೇ ಅರ್ಜಿ ಹಾಕಬೇಕು.

ಅಂಕ ಮತ್ತು ಹಾಜರಾತಿ

ವಿದ್ಯಾರ್ಥಿಯನ್ನು ಉಳಿಸಿಕೊಳ್ಳುವುದಕ್ಕೆ ಆಯಾ ಕಾಲೇಜು ಇಟ್ಟುಕೊಂಡಿರುವ ನಿಯಮವೇ ಇಲ್ಲಿಯೂ ಅಳತೆಗೋಲು; ಆದ್ದರಿಂದ ಮೊದಲ ವಾರದಲ್ಲಿ ಕೊಡುವ ವಿದ್ಯಾರ್ಥಿ ಕೈಪಿಡಿಯನ್ನು ಓದದೆ ಕಪಾಟಿನಲ್ಲಿಡುವುದು ದುಬಾರಿಯಾದೀತು. ಅಲ್ಲಿನ ಅನೇಕ ವಿಶ್ವವಿದ್ಯಾಲಯಗಳಲ್ಲಿ ಶ್ರೇಣಿಗಳು ನಮ್ಮ ರೂಢಿಗೆ ತಲೆಕೆಳಗು: 1.00 ಅತ್ಯುತ್ತಮ, 3.00 ಪಾಸಿನ ಗಡಿ, 5.00 ಅಂದರೆ ಫೇಲು. ಇದರ ಜತೆಗೆ, ಪರೀಕ್ಷೆ ಬರೆಯದವರಿಗೆ ಅಥವಾ ಪ್ರಾಜೆಕ್ಟ್ ಒಪ್ಪಿಸದವರಿಗೆ ಬೀಳುವ ‘ಇನ್‌ಕಂಪ್ಲೀಟ್’ ಎಂಬ ಗುರುತು ಇದೆ. ಫೇಲಾದವನು ಎಚ್ಚೆತ್ತುಕೊಳ್ಳುತ್ತಾನೆ, ಇನ್‌ಕಂಪ್ಲೀಟ್ ಆದವನು ಮುಂದಿನ ತಿಂಗಳು ನೋಡೋಣವೆಂದು ಸುಮ್ಮನಿರುತ್ತಾನೆ. ಗಡುವು ದಾಟಿದರೆ ಅದೂ ಸೋಲಾಗಿ ಬದಲಾಗುವುದುಂಟು. ಹಾಗಾಗಿ ಆ ಗುರುತನ್ನು ಮುಂದಿನ ದಾಖಲಾತಿಗೆ ಮೊದಲೇ ತೊಡೆದುಹಾಕಿಸಿಕೊಳ್ಳಬೇಕು.

ಕಾಯಿಲೆಯಿಂದಲೋ ಮನೆಯ ತೊಂದರೆಯಿಂದಲೋ ಒಂದು ಸೆಮಿಸ್ಟರ್ ಬಿಡುವುದು ಅನಿವಾರ್ಯವಾದರೆ, ಹೇಳದೆ ಕೇಳದೆ ಕಾಲೇಜಿಗೆ ಹೋಗುವುದನ್ನು ನಿಲ್ಲಿಸಬಾರದು. ರಿಜಿಸ್ಟ್ರಾರ್ ಕಚೇರಿಯಲ್ಲಿ ಲಿಖಿತವಾಗಿ ರಜೆ ಕೇಳಿ, ಅನುಮೋದನೆಯ ಪ್ರತಿಯನ್ನು ಇಟ್ಟುಕೊಂಡು, ಸಹಾಯಧನದ ಹೊಣೆ ಹೊತ್ತಿರುವ ಸಿಬ್ಬಂದಿಗೂ ಅದನ್ನು ತಿಳಿಸಬೇಕು.

ಹೆಸರು, ಕಾಗದ, ಕಾರ್ಡು

ನನ್ನ ಮಟ್ಟಿಗೆ ಎಲ್ಲಕ್ಕಿಂತ ಹೆಚ್ಚು ಗಮನ ಬೇಡುವ ಹಂತ ಇದೇ. ಹಣಕ್ಕಾಗಿ ವಿದ್ಯಾರ್ಥಿ ನೇರವಾಗಿ ಯೂನಿಫಾಸ್ಟ್‌ನ ಬಾಗಿಲು ತಟ್ಟುವುದಿಲ್ಲ. ಪ್ರತಿ ಸೆಮಿಸ್ಟರಿನಲ್ಲಿ ಯಾರು ಯಾರು ದಾಖಲಾಗಿದ್ದಾರೆಂಬ ಪಟ್ಟಿಯನ್ನೂ ಬಿಲ್ಲಿನ ಕಾಗದಪತ್ರಗಳನ್ನೂ ಕಾಲೇಜೇ ಕಳಿಸುತ್ತದೆ, ಅಲ್ಲಿ ಪರಿಶೀಲನೆಯಾದ ಮೇಲೆ ಹಣ ಬಿಡುಗಡೆಯಾಗುತ್ತದೆ. ಆ ಪಟ್ಟಿಯಲ್ಲಿರುವ ಹೆಸರು, ಜನನ ಪ್ರಮಾಣಪತ್ರದ ಹೆಸರು, ಬ್ಯಾಂಕಿನಲ್ಲಿರುವ ಹೆಸರು ಮೂರೂ ಒಂದೇ ಆಗಿರಬೇಕು.

ಫಿಲಿಪಿನೊ ಹೆಸರುಗಳಲ್ಲಿ ಇದು ಅಂದುಕೊಂಡಷ್ಟು ಸುಲಭವಲ್ಲ. ಅಲ್ಲಿ ನಡುವಿನ ಹೆಸರೆಂದರೆ ತಾಯಿಯ ತವರಿನ ಮನೆತನದ ಹೆಸರು. ಒಂದು ಕಡೆ ಅದನ್ನು ಪೂರ್ತಿ ಬರೆದು ಇನ್ನೊಂದು ಕಡೆ ಬರೀ ಮೊದಲಕ್ಷರ ಹಾಕಿದರೆ ಕಂಪ್ಯೂಟರಿಗೆ ಅವರಿಬ್ಬರೂ ಬೇರೆ ಬೇರೆ ವ್ಯಕ್ತಿಗಳು. ಮರಿಯಾ ಎಂಬುದನ್ನು ‘ಮಾ.’ ಎಂದು ಚುಕ್ಕಿಯಿಟ್ಟು ಮೊಟಕು ಮಾಡುವುದು ರೂಢಿ. ತಂದೆಯ ಹೆಸರನ್ನೇ ಇಟ್ಟುಕೊಂಡವರ ಕೊನೆಗೆ ಬರುವ ‘ಜೂನಿಯರ್’ ಒಂದು ದಾಖಲೆಯಲ್ಲಿದ್ದು ಇನ್ನೊಂದರಲ್ಲಿ ಬಿಟ್ಟುಹೋಗಿರುತ್ತದೆ. ಇನ್ನು ಪೆನ್ಯಾ, ಮುನ್ಯೋಸ್ ಮುಂತಾದ ಹೆಸರುಗಳಲ್ಲಿ ಎನ್ ಅಕ್ಷರದ ನೆತ್ತಿಯ ಮೇಲೊಂದು ಅಲೆಯಂಥ ಗೆರೆ ಇರುತ್ತದೆ. ಅದು ಬಿದ್ದುಹೋದರೆ ಹೆಸರೇ ಬದಲಾದಂತೆ. ನಮ್ಮಲ್ಲಿ ಎಸ್‌ಎಸ್‌ಪಿ ಪೋರ್ಟಲಿನಲ್ಲಿ ಅರ್ಜಿ ಹಾಕಿ, ಆಧಾರ್‌ನಲ್ಲಿ ಒಂದು ಇನಿಷಿಯಲ್, ಅಂಕಪಟ್ಟಿಯಲ್ಲಿ ಇನ್ನೊಂದು ಇನಿಷಿಯಲ್ ಇದ್ದು ಪರದಾಡಿದವರಿಗೆ ಈ ಸಂಕಟವನ್ನು ಬಿಡಿಸಿ ಹೇಳಬೇಕಾಗಿಲ್ಲ. ಪಟ್ಟಿ ಹೊರಡುವ ಮೊದಲೇ ಕಾಲೇಜಿನಲ್ಲಿ ತನ್ನ ಹೆಸರಿರುವ ಸಾಲನ್ನು ಕಣ್ಣಾರೆ ನೋಡಿ, ಜನನ ಪ್ರಮಾಣಪತ್ರದೊಂದಿಗೆ ಅಕ್ಷರ ಅಕ್ಷರ ತಾಳೆ ಹಾಕಿಕೊಳ್ಳುವುದು ಹತ್ತು ನಿಮಿಷದ ಕೆಲಸ.

ಪ್ರತಿ ಸೆಮಿಸ್ಟರಿನ ದಾಖಲಾತಿ ಪ್ರಮಾಣಪತ್ರ ಮತ್ತು ಗುರುತಿನ ಚೀಟಿಯ ಪ್ರತಿಗಳನ್ನು ಹಳೆಯದಾಯಿತೆಂದು ಎಸೆಯಬಾರದು. ಹಣ ಎಷ್ಟೋ ಸಲ ಸೆಮಿಸ್ಟರ್ ಕಳೆದ ಮೇಲೆ ಬರುತ್ತದೆ, ಆಗ ಕೇಳುವುದು ಕಳೆದ ಸೆಮಿಸ್ಟರಿನ ಕಾಗದವನ್ನೇ. ಇದೇ ಕಾರಣಕ್ಕೆ, ಈ ಹಣವನ್ನು ನಂಬಿ ಬಾಡಿಗೆಯ ತಾರೀಕು ಗೊತ್ತುಮಾಡಿಕೊಳ್ಳದಿರುವುದು ಜಾಣತನ.

ಸರ್ಕಾರಿ ಒಡೆತನದ ಲ್ಯಾಂಡ್‌ಬ್ಯಾಂಕ್ ಮೂಲಕ ಕಾರ್ಡಿಗೆ ಹಣ ಜಮೆಯಾಗುವ ಕಡೆಗಳಲ್ಲಿ ಇನ್ನೊಂದು ಎಚ್ಚರಿಕೆ ಬೇಕು. ‘ಸಾಂಗ್ಲಾ ಎಟಿಎಂ’ ಎಂಬುದು ಅಲ್ಲಿನ ಕೈಸಾಲದ ಒಂದು ಹಳೆಯ ಪದ್ಧತಿ. ಸಾಲಗಾರ ತನ್ನ ಕಾರ್ಡನ್ನೂ ಪಿನ್ ಸಂಖ್ಯೆಯನ್ನೂ ಸಾಲ ಕೊಟ್ಟವನ ಬಳಿ ಅಡವಿಟ್ಟು, ದುಡ್ಡು ಬಿದ್ದ ದಿನ ಅವನೇ ತೆಗೆದುಕೊಳ್ಳಲು ಬಿಡುತ್ತಾನೆ. ಓದಿನ ಹಣದ ಕಾರ್ಡನ್ನು ಮಾತ್ರ ಯಾವ ಕಾರಣಕ್ಕೂ ಹೀಗೆ ಅಡವಿಡಬಾರದು.

ಎರಡು ದೋಣಿಯಲ್ಲಿ ಕಾಲು

ತುಲೊಂಗ್ ದುನೊಂಗ್ ಎಂಬ ಸಣ್ಣ ಮೊತ್ತದ ಇನ್ನೊಂದು ಸರ್ಕಾರಿ ನೆರವನ್ನೂ ಟಿಇಎಸ್ ಅನ್ನೂ ಒಟ್ಟಿಗೆ ಪಡೆಯುವಂತಿಲ್ಲ. ರಾಷ್ಟ್ರೀಯ ಸರ್ಕಾರದ ಹಣದಿಂದ ನಡೆಯುವ ಬೇರಾವುದೇ ವಿದ್ಯಾರ್ಥಿವೇತನಕ್ಕೆ ಆಯ್ಕೆಯಾದರೆ ಅದನ್ನು ಮುಚ್ಚಿಡದೆ, ಎರಡರಲ್ಲಿ ಯಾವುದು ಪದವಿ ಮುಗಿಯುವವರೆಗೆ ಬರುತ್ತದೆಂದು ತೂಗಿ ನೋಡಿ, ಒಂದನ್ನು ಲಿಖಿತವಾಗಿ ಬಿಟ್ಟುಕೊಡಬೇಕು.

ಕೊನೆಯ ಸೆಮಿಸ್ಟರಿನಲ್ಲಿ ಒಂದು ಕೆಲಸ ಉಳಿದಿರುತ್ತದೆ. ನರ್ಸ್, ಶಿಕ್ಷಕ, ಎಂಜಿನಿಯರ್ ಮುಂತಾಗಿ ವೃತ್ತಿ ಪರವಾನಗಿ ಬೇಕಾದ ಪದವಿಗಳಲ್ಲಿ, ಮೊದಲ ಪರವಾನಗಿ ಪಡೆಯುವ ಖರ್ಚಿಗೆ, ಪರೀಕ್ಷಾ ತಯಾರಿಯ ತರಗತಿಯ ಖರ್ಚೂ ಸೇರಿ, ಒಂದು ಬಾರಿಯ ನೆರವಿಗೆ ಕಾಯ್ದೆಯಲ್ಲೇ ಅವಕಾಶವಿದೆ. ಘಟಿಕೋತ್ಸವದ ಫೋಟೊ ತೆಗೆಸಿಕೊಂಡ ಮೇಲೆ ನೆನಪಾದರೆ ಪ್ರಯೋಜನ ಕಡಿಮೆ. ಹೆಸರಿನ್ನೂ ಕಾಲೇಜಿನ ದಾಖಲಾತಿ ಪಟ್ಟಿಯಲ್ಲಿರುವಾಗಲೇ ಹೋಗಿ ವಿಚಾರಿಸಬೇಕು.