ಆಗುಂಬೆಗಾಗಿ ಗೇರು, ಹೆಬ್ರಿಗಾಗಿ ಶೂ

ಉಡುಪಿಯಿಂದ ಆಗುಂಬೆಗೆ ಸುಮಾರು 55 ಕಿಲೋಮೀಟರ್. ಹೆಬ್ರಿ ದಾಟಿ ಸೋಮೇಶ್ವರ ಮುಟ್ಟುವವರೆಗೆ ರಸ್ತೆ ಸೈಕಲ್ ಸವಾರನನ್ನು ಹೆಚ್ಚು ಕಾಡುವುದಿಲ್ಲ. ಅಲ್ಲಿಂದ ಮುಂದೆ 14 ಹೇರ್‌ಪಿನ್ ತಿರುವುಗಳ ಘಾಟಿ ಶುರುವಾಗುತ್ತದೆ. ನನ್ನ ಮೊದಲ ರೋಡ್ ಸೈಕಲ್ ಕೊಂಡಾಗ ನನ್ನ ಕಣ್ಣಮುಂದೆ ಇದ್ದದ್ದು ಮಲ್ಪೆಯಿಂದ ಕಾಪುವಿನವರೆಗಿನ ಸಮತಟ್ಟು ಮಾತ್ರ. ಆದ್ದರಿಂದ ಬಿಡಿಭಾಗಗಳನ್ನು ತೂಕ ನೋಡಿ ಆರಿಸಿದೆ, ಶೂಗಳನ್ನು ಚಂದ ನೋಡಿ ಆರಿಸಿದೆ. ಎರಡೂ ತಪ್ಪೆಂದು ತಿಳಿಯಲು ಒಂದು ಮಳೆಗಾಲ ಸಾಕಾಯಿತು.

ಸೈಕಲಿನೊಂದಿಗೆ ಬಂದದ್ದು ಎಂಟು ಗೇರಿನ ವ್ಯವಸ್ಥೆ: ಮುಂದೆ 50 ಮತ್ತು 34 ಹಲ್ಲುಗಳ ಎರಡು ಚಕ್ರ, ಹಿಂದೆ 11ರಿಂದ 28 ಹಲ್ಲುಗಳ ಎಂಟು ಚಕ್ರಗಳ ಗೊಂಚಲು, ಅಂದರೆ ಕ್ಯಾಸೆಟ್. ಅತಿ ಹಗುರವಾದ ಗೇರಿನಲ್ಲಿಯೂ ಪೆಡಲು ಒಂದು ಸುತ್ತು ತಿರುಗಿದರೆ ಹಿಂದಿನ ಗಾಲಿ 1.2 ಸುತ್ತು ತಿರುಗುತ್ತದೆ. ಘಾಟಿಯ ಕಡಿದಾದ ತಿರುವಿನಲ್ಲಿ ನನ್ನ ವೇಗ ಗಂಟೆಗೆ ಆರು ಕಿಲೋಮೀಟರಿಗೆ ಇಳಿದಾಗ ಕಾಲುಗಳು ನಿಮಿಷಕ್ಕೆ 39 ಸುತ್ತಿನಷ್ಟೇ ತಿರುಗುತ್ತಿದ್ದವು. ಅಷ್ಟು ನಿಧಾನವಾಗಿ ತುಳಿಯುವಾಗ ಭಾರವೆಲ್ಲ ಮೊಣಕಾಲಿನ ಮೇಲೆ ಬೀಳುತ್ತದೆ. ಊರಿನ ಮೆಕ್ಯಾನಿಕ್ ಕ್ಯಾಸೆಟ್ ಎಣಿಸಿ ನೋಡಿ, “ಎಂತ ಮಾರಾಯ್ರೆ, ಈ ಗೇರಿನಲ್ಲಿ ಘಾಟಿ ಹತ್ತಲಿಕ್ಕೆ ಹೋದದ್ದಾ?” ಎಂದು ಕೇಳಿದ್ದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ.

11ರಿಂದ 34 ಹಲ್ಲುಗಳ ಕ್ಯಾಸೆಟ್ ಹಾಕಿದರೆ ಮುಂದಿನ 34ಕ್ಕೆ ಹಿಂದಿನ 34 ಸರಿಸಮವಾಗುತ್ತದೆ. ಪೆಡಲಿನ ಒಂದು ಸುತ್ತಿಗೆ ಗಾಲಿಯದೂ ಒಂದೇ ಸುತ್ತು. ಅದೇ ಆರು ಕಿಲೋಮೀಟರ್ ವೇಗಕ್ಕೆ ಈಗ 47 ಸುತ್ತು ಬೇಕು, ಆದರೆ ಪ್ರತಿ ತುಳಿತಕ್ಕೆ ಬೇಕಾದ ಒತ್ತಡ ಸುಮಾರು ಶೇ. 18ರಷ್ಟು ಕಡಿಮೆ. ಕ್ಯಾಸೆಟ್ ತೂಕ ಹೆಚ್ಚಿತು, ಪಕ್ಕಪಕ್ಕದ ಗೇರುಗಳ ನಡುವಿನ ಅಂತರವೂ ಹೆಚ್ಚಿತು. ಸಮತಟ್ಟಿನಲ್ಲಿ ಗುಂಪಿನೊಂದಿಗೆ ಓಡಿಸುವಾಗ ಈ ಅಂತರ ಸ್ವಲ್ಪ ಕಿರಿಕಿರಿ ಮಾಡುತ್ತದೆ ಎಂಬುದನ್ನು ಮುಚ್ಚಿಡುವುದಿಲ್ಲ.

ಇಲ್ಲಿ ನಾನೊಂದು ಎಡವಟ್ಟು ಮಾಡಿದೆ. ಚೈನನ್ನು ಒಂದು ಗೇರಿನಿಂದ ಇನ್ನೊಂದಕ್ಕೆ ಸರಿಸುವ ಹಿಂದಿನ ಡಿರೈಲರಿನ ಪಂಜರ ಉದ್ದವೋ ಗಿಡ್ಡವೋ ಎಂಬುದರ ಮೇಲೆ ಅದು ಎಷ್ಟು ಸಡಿಲ ಚೈನನ್ನು ಬಿಗಿಹಿಡಿಯಬಲ್ಲದು ಎಂಬುದು ನಿಂತಿದೆ ಎಂದು ಓದಿಕೊಂಡು, 34 ಹಲ್ಲಿಗೆ ಒಪ್ಪುವ ಉದ್ದ ಪಂಜರದ್ದನ್ನೇ ತಂದೆ. ಆದರೆ ಹಳೆಯ ಚೈನನ್ನು ಹಾಗೆಯೇ ಉಳಿಸಿಕೊಂಡೆ. ಮನೆಯ ಅಂಗಳದಲ್ಲಿ ಮುಂದೆಯೂ ಹಿಂದೆಯೂ ಅತಿ ದೊಡ್ಡ ಚಕ್ರಕ್ಕೆ ಗೇರು ಹಾಕಿದಾಗ ಚೈನು ಸಾಲದೆ ಡಿರೈಲರನ್ನು ಮುಂದಕ್ಕೆ ಎಳೆದು, ಅದನ್ನು ಹಿಡಿದಿರುವ ಹ್ಯಾಂಗರನ್ನು ಬಗ್ಗಿಸಿಬಿಟ್ಟಿತು. ಈಗ ಹೊಸ ಚೈನನ್ನು ಡಿರೈಲರಿನೊಳಗೆ ಹಾಯಿಸದೆ ಎರಡೂ ದೊಡ್ಡ ಚಕ್ರಗಳ ಸುತ್ತ ಬಳಸಿ ನೋಡಿ, ಅದಕ್ಕೆ ಎರಡು ಕೊಂಡಿ ಸೇರಿಸಿ ತುಂಡು ಮಾಡುತ್ತೇನೆ.

ಚೈನಿನ ಸವೆತವನ್ನು ಅಳೆಯಲು ಸ್ಟೀಲಿನ ಅಳತೆಪಟ್ಟಿ ಸಾಕು. ಹೊಸ ಚೈನಿನಲ್ಲಿ 24 ಕೊಂಡಿಗಳ ಉದ್ದ, ಪಿನ್ನಿನಿಂದ ಪಿನ್ನಿಗೆ, ಸರಿಯಾಗಿ 12 ಇಂಚು. ಅದು ಇಂಚಿನ ಹದಿನಾರನೇ ಒಂದು ಭಾಗ ಹೆಚ್ಚಾಯಿತೆಂದರೆ ಚೈನು ಬದಲಿಸಬೇಕು. ಎಂಟನೇ ಒಂದು ಭಾಗದವರೆಗೆ ಬಿಟ್ಟರೆ ಕ್ಯಾಸೆಟ್ ಕೂಡ ಹಾಳಾಗಿರುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೆಂಪುಮಣ್ಣಿನ ನೀರು ಚೈನನ್ನು ಅರದಂತೆ ತಿನ್ನುತ್ತದೆ, ಉಳಿದ ತಿಂಗಳುಗಳಲ್ಲಿ ಕಡಲಿನ ಉಪ್ಪು ಗಾಳಿ ತುಕ್ಕು ಹಿಡಿಸುತ್ತದೆ. ದುಬಾರಿ ಚೈನಿಗಿಂತ ಸಾಧಾರಣ ಚೈನನ್ನು ಬೇಗ ಬೇಗ ಬದಲಿಸುವುದೇ ನನಗೆ ಲಾಭವೆನಿಸಿದೆ. ರಿಮ್ಮನ್ನು ಹಿಡಿಯುವ ಬ್ರೇಕಿನ ರಬ್ಬರ್ ತುಂಡುಗಳಲ್ಲಿ ಸಿಕ್ಕಿಕೊಳ್ಳುವ ಮರಳಿನ ಕಣಗಳನ್ನು ಮಾತ್ರ ಪ್ರತಿ ಸವಾರಿಯ ನಂತರ ಸೂಜಿಯಿಂದ ಕೀಳಬೇಕು. ಇಲ್ಲವಾದರೆ ರಿಮ್ಮೇ ಸವೆಯುತ್ತದೆ.

ಶೂಗಳ ಪಾಠ ಕಲಿತದ್ದು ಹೆಬ್ರಿಯಲ್ಲಿ. ನಾನು ಮೊದಲು ಕೊಂಡದ್ದು ಗಟ್ಟಿ ತಳದ, ಮೂರು ಬೋಲ್ಟಿನ ಪ್ಲಾಸ್ಟಿಕ್ ಕ್ಲೀಟ್ (ಪೆಡಲಿಗೆ ಸಿಕ್ಕಿಕೊಳ್ಳುವ ತುಂಡು) ಹೊರಗೆ ಚಾಚಿಕೊಂಡಿರುವ ರೇಸಿಂಗ್ ಶೂ. ಹಿಮದ ಮೇಲೆ ಜಾರುವ ಸ್ಕೀ ಹಲಗೆಗೆ ಬೂಟನ್ನು ಬಿಗಿಹಿಡಿಯುವ ಸಾಧನಗಳನ್ನು ಮಾಡುತ್ತಿದ್ದ ಲುಕ್ ಎಂಬ ಫ್ರೆಂಚ್ ಕಂಪನಿ 1984ರಲ್ಲಿ ಇಂಥ ಕ್ಲೀಟ್ ಸಿಕ್ಕಿಸುವ ಪೆಡಲನ್ನು ಹೊರತಂದಿತು. ಮರುವರ್ಷ ಬರ್ನಾರ್ಡ್ ಇನೋ ಅದನ್ನೇ ತುಳಿದು ಟೂರ್ ಡಿ ಫ್ರಾನ್ಸ್ ಗೆದ್ದರು. ರೇಸಿನಲ್ಲಿ ಓಡುವವನು ನೆಲಕ್ಕೆ ಕಾಲಿಡುವುದೇ ಅಪರೂಪ. ನಾನು ಬನ್ಸ್ ಮತ್ತು ಚಹಾಕ್ಕಾಗಿ ಇಳಿಯುವವನು. ಮಳೆಯಲ್ಲಿ ಹೋಟೆಲಿನ ಮುಂದಿನ ಪಾಚಿ ಕಟ್ಟಿದ ಮುರಕಲ್ಲಿನ ಮೆಟ್ಟಿಲಿಗೆ ಕಾಲಿಟ್ಟದ್ದೇ ತಡ, ಜಾರಿ ಮೊಣಕೈ ತರಚಿಕೊಂಡೆ.

ಆಮೇಲೆ ಎರಡು ಬೋಲ್ಟಿನ, ಎಸ್‌ಪಿಡಿ ಎಂಬ ಪೆಡಲು ಮತ್ತು ಕ್ಲೀಟಿನ ವ್ಯವಸ್ಥೆಗೆ ಬದಲಾದೆ. ಶಿಮಾನೊ ಇದನ್ನು 1990ರಲ್ಲಿ ಗುಡ್ಡದ ಸೈಕಲಿಗರಿಗಾಗಿ, ಎಂದರೆ ಕೆಸರಿನಲ್ಲಿ ಇಳಿದು ಸೈಕಲ್ ತಳ್ಳುವವರಿಗಾಗಿ ತಂದದ್ದು. ಸಣ್ಣ ಸ್ಟೀಲ್ ಕ್ಲೀಟ್ ರಬ್ಬರ್ ತಳದ ಒಳಗೆ ಹುದುಗಿರುವುದರಿಂದ ಮಾಮೂಲಿ ಶೂ ಹಾಕಿದಂತೆಯೇ ನಡೆಯಬಹುದು. ಹೊಸದರಲ್ಲಿ ಹಿಡಿತದ ಸ್ಪ್ರಿಂಗನ್ನು ಪೂರ್ತಿ ಸಡಿಲಿಸಿಟ್ಟು, ಹಿಮ್ಮಡಿಯನ್ನು ಹೊರಕ್ಕೆ ತಿರುಗಿಸಿ ಕಾಲು ಬಿಡಿಸುವುದನ್ನು ಗೋಡೆ ಹಿಡಿದು ನಿಂತು ಅಭ್ಯಾಸ ಮಾಡಿದೆ.

ಅಳತೆಯ ವಿಷಯದಲ್ಲಿ ಸಂಖ್ಯೆಯನ್ನು ನಂಬಲಿಲ್ಲ. ಒಂದು ಕಂಪನಿಯ 42 ಇನ್ನೊಂದರ 42 ಅಲ್ಲ. ಪಾದಗಳು ತುಸು ಊದಿಕೊಂಡಿರುವ ಸಂಜೆಯ ಹೊತ್ತಿನಲ್ಲಿ, ಸವಾರಿಯ ಕಾಲುಚೀಲ ಹಾಕಿಕೊಂಡು, ಕಾಗದದ ಮೇಲೆ ನಿಂತು ಎರಡೂ ಪಾದಗಳ ಗೆರೆ ಎಳೆದು, ದೊಡ್ಡ ಪಾದದ ಮಿಲಿಮೀಟರ್ ಅಳತೆಯನ್ನು ಹಿಡಿದುಕೊಂಡು ಅಂಗಡಿಗೆ ಹೋದೆ. ಬರಿಗಾಲಲ್ಲಿ ಬೆಳೆದ ನನ್ನ ಪಾದ ಮುಂದೆ ಅಗಲವಾಗಿರುವುದರಿಂದ ಉದ್ದ ಸರಿಯಾದರೂ ಅಗಲ ಬಿಗಿಯಾಗುವ ಜೋಡಿಗಳನ್ನು ಬದಿಗಿಟ್ಟೆ. ಕ್ಲೀಟನ್ನು ಹೆಬ್ಬೆರಳ ಬುಡದ ಉಬ್ಬಿನ ನೇರಕ್ಕೆ ಮೊದಲು ಕೂರಿಸಿದ್ದೆ. ದೀರ್ಘ ಸವಾರಿಯಲ್ಲಿ ಮೀನಖಂಡ ನೋಯತೊಡಗಿದಾಗ ಐದು ಮಿಲಿಮೀಟರ್ ಹಿಂದಕ್ಕೆ ಸರಿಸಿದೆ, ನೋವು ಹೋಯಿತು. ಬೋಲ್ಟುಗಳಿಗೆ ಗ್ರೀಸ್ ಹಚ್ಚಿ, ಅವುಗಳ ತಲೆಯ ತೂತಿನಲ್ಲಿ ಮೇಣ ತುಂಬಿದ್ದರಿಂದ ಕೆಸರು ಗಟ್ಟಿಯಾಗಿ ಕೂರದೆ ಅಲೆನ್ ಕೀ ಈಗಲೂ ಸಲೀಸಾಗಿ ಇಳಿಯುತ್ತದೆ. ಒದ್ದೆ ಶೂಗಳನ್ನು ಒಲೆಯ ಬಳಿ ಇಟ್ಟರೆ ಅಂಟು ಬಿಡುತ್ತದೆ. ಒಳಗೆ ದಿನಪತ್ರಿಕೆ ತುರುಕಿ ಎರಡು ಸಲ ಬದಲಿಸಿದರೆ ಬೆಳಗಾಗುವಷ್ಟರಲ್ಲಿ ಒಣಗಿರುತ್ತವೆ.

ಹಳೆಯ ರೇಸಿಂಗ್ ಶೂಗಳು ವ್ಯರ್ಥವಾಗಿಲ್ಲ. ಜುಲೈನಲ್ಲಿ ಮಳೆ ಜಡಿಹಿಡಿದಾಗ ಜಗಲಿಯಲ್ಲಿ ಸೈಕಲನ್ನು ನಿಂತಲ್ಲೇ ತುಳಿಯಲು ಇಟ್ಟಿರುವ ಟ್ರೇನರಿನ ಮೇಲೆ ಅವನ್ನೇ ಹಾಕಿಕೊಳ್ಳುತ್ತೇನೆ. ಅದಕ್ಕಾಗಿ ಪ್ರತಿವರ್ಷ ಪೆಡಲು ಬದಲಿಸುವಾಗ, ಎಡಗಡೆಯ ಪೆಡಲಿನ ತಿರುಪು ತಿರುಗುಮುರುಗಾಗಿರುತ್ತದೆ ಎಂಬುದು ಸ್ಪ್ಯಾನರನ್ನು ತಪ್ಪು ದಿಕ್ಕಿಗೆ ಒಮ್ಮೆ ಬಲವಾಗಿ ಒತ್ತಿದ ಮೇಲೆಯೇ ನನಗೆ ನೆನಪಾಗುತ್ತದೆ.