ಊರನ್ನೇ ನೆಲದ ಮೇಲೆ ಬರೆಸಿದೆವು

ಆಶಾ ಕಾರ್ಯಕರ್ತೆಯರನ್ನೂ ಆರೋಗ್ಯ ಉಪಕೇಂದ್ರದ ಸಿಎಚ್‌ಒಗಳನ್ನೂ (ಸಮುದಾಯ ಆರೋಗ್ಯ ಅಧಿಕಾರಿಗಳು) ಒಟ್ಟಿಗೆ ಕೂರಿಸಿ ಬಿಪಿ, ಶುಗರ್ ತಪಾಸಣೆಯ ತರಬೇತಿ ಕೊಡುವುದು ನನ್ನ ಕೆಲಸ. ಒಬ್ಬ ಆಶಾ ಪಾಲಿಗೆ ಸುಮಾರು 1000 ಜನ. ಯಾರು ಬಸುರಿ, ಯಾರು ಮಾತ್ರೆ ಬಿಟ್ಟಿದ್ದಾರೆ, ಎಲ್ಲ ಬಾಯಲ್ಲೇ ಇರುತ್ತದೆ. ಆದರೆ "ಬಿಪಿ ನೋಡಿಸದೇ ಇರೋರು ಎಷ್ಟು ಜನ?" ಅಂದರೆ ಸುಮ್ಮನಾಗುತ್ತಾರೆ. ಅವರನ್ನು ಯಾರೂ ಹಾಗೆ ಕೇಳಿಯೇ ಇರುವುದಿಲ್ಲ. ಮೇಲಿನವರು ಕೇಳುವುದು ಎಷ್ಟು ಜನರನ್ನು ನೋಡಿದಿರಿ ಅಂತ.

ಅದಕ್ಕೇ ಸ್ಲೈಡು ಬದಿಗಿಟ್ಟು, ನೆಲದ ಮೇಲೆ ಸೀಮೆಸುಣ್ಣದಲ್ಲಿ ಅವರ ಊರು ಬರೆಸುತ್ತೇನೆ. ದೇವಸ್ಥಾನ, ಅಂಗನವಾಡಿ, ಕಾಲೋನಿ, ತೋಟದ ಮನೆಗಳು. ಸರ್ವೆ ಪುಸ್ತಕ ನೋಡಿಕೊಂಡು 30 ದಾಟಿದ ಪ್ರತಿ ಹೆಂಗಸಿಗೆ ಒಂದು ಹುಣಸೆಬೀಜ, ಗಂಡಸಿಗೆ ಒಂದು ಅವರೆಕಾಳು. ತಪಾಸಣೆ ಆದವರದ್ದು ಎತ್ತಿಬಿಡಬೇಕು. ಒಂದು ಊರಿನ ನಕ್ಷೆಯಲ್ಲಿ ಉಪಕೇಂದ್ರದ ಸುತ್ತ ಖಾಲಿ ಖಾಲಿ, ತೋಟದ ಮನೆಗಳ ಹತ್ತಿರ ಅವರೆಕಾಳಿನ ರಾಶಿ!

"ನಾವು ಹೋಗೋ ಹೊತ್ತಿಗೆ ಗಂಡಸರು ಕೂಲಿಗೆ ಹೋಗಿರ್ತಾರೆ ಮೇಡಂ."

"ಮತ್ತೆ ಎಲ್ಲಿ ಸಿಗ್ತಾರಕ್ಕಾ?"

"ಬೆಳಿಗ್ಗೆ ಡೈರಿಗೆ ಹಾಲು ಹಾಕೋಕೆ ಬರ್ತಾರಲ್ವಾ!"

ಶೇಕಡಾ ಲೆಕ್ಕಕ್ಕೆ ಜಾಸ್ತಿ ಹೊತ್ತು ಹಿಡಿಯುವುದಿಲ್ಲ. ಒಂದು ಕೇರಿಯಲ್ಲಿ 50ಕ್ಕೆ 40 ಜನ, ಇನ್ನೊಂದರಲ್ಲಿ 200ಕ್ಕೆ 60 ಜನ ನೋಡಿಸಿದ್ದಾರೆ. ಎಲ್ಲಿ ಕೆಲಸ ಬಾಕಿ? ಸಂಘದ ಸಾಲಕ್ಕೆ ಬಡ್ಡಿ ಹಾಕುವಂತೆ ನೂರಕ್ಕೆ ಎಷ್ಟು ಹೇಳಿ ಅಂದರೆ ಸಾಕು, 80, 30 ಅಂತ ತಕ್ಷಣ ಬರುತ್ತದೆ. ಯಾವ ಕೇರಿಗೆ ಮೊದಲು ಹೋಗಬೇಕು ಅನ್ನುವುದನ್ನೂ ಅವರೇ ಹೇಳುತ್ತಾರೆ.

ಡೈರಿಯಲ್ಲಿ ಬಿಪಿ ನೋಡುವುದನ್ನು ಮಾತ್ರ ನಿಧಾನವಾಗಿ ಕಲಿಸಬೇಕು. ಕ್ಯಾನ್ ಹೊತ್ತು ಬಂದವರನ್ನು ಕೂಡಲೇ ನೋಡಬಾರದು, 5 ನಿಮಿಷ ಕೂರಿಸಬೇಕು. ಬೀಡಿ ಸೇದಿ, ಕಾಫಿ ಕುಡಿದು ಅರ್ಧ ಗಂಟೆ ಆಗಿರಬೇಕು. ಬಿಪಿ ಯಂತ್ರದ ಪಟ್ಟಿಯನ್ನು ಅಂಗಿ ಮೇಲೆ ಕಟ್ಟಬಾರದು. ತೋಳು ಎದೆಯ ಮಟ್ಟಕ್ಕಿರಬೇಕು. ನೋಡುವಾಗ ಮಾತಾಡಬಾರದು. ಇದೇ ಕಷ್ಟ, ಡೈರಿ ಮುಂದೆ ಮಾತಾಡದೆ ಕೂರೋರು ಯಾರು? 140/90 ಅಥವಾ ಅದಕ್ಕಿಂತ ಜಾಸ್ತಿ ಬಂದರೆ ಮತ್ತೊಮ್ಮೆ ನೋಡಿ, ಆಗಲೂ ಹಾಗೇ ಇದ್ದರೆ ಪಿಎಚ್‌ಸಿ (ಪ್ರಾಥಮಿಕ ಆರೋಗ್ಯ ಕೇಂದ್ರ) ಡಾಕ್ಟರ ಹತ್ತಿರ ಕಳಿಸುವುದು.

ಸೊಂಟದ ಸುತ್ತಳತೆಯದ್ದು ಇನ್ನೊಂದು ಪೇಚಾಟ. ಯಾರಿಗೆ ಕಾಯಿಲೆಯ ಅಪಾಯ ಜಾಸ್ತಿ ಅಂತ ತಿಳಿಯಲು ಆಶಾ ತುಂಬುವ ಫಾರಂನಲ್ಲಿ ಅದಕ್ಕೂ ಅಂಕ ಇದೆ. ಗಂಡಸರಾದರೆ ಟೇಪನ್ನು ಅವರ ಕೈಗೇ ಕೊಟ್ಟು ಎಲ್ಲಿ ಸುತ್ತಬೇಕು ಅಂತ ಹೇಳಿದರೆ ಆಯಿತು. ಒಟ್ಟು ಅಂಕ 4 ದಾಟಿದವರಿಗೆ ತಪಾಸಣೆ ಮೊದಲು. ಹಾಗಂತ 30 ದಾಟಿದ ಉಳಿದವರನ್ನು ಬಿಡುವಂತಿಲ್ಲ.

ಸ್ತನ, ಗರ್ಭಕಂಠದ ಕ್ಯಾನ್ಸರ್ ತಪಾಸಣೆ ಡೈರಿಯಲ್ಲಿ ಆಗುವ ಮಾತಲ್ಲ. ಅದಕ್ಕೆ ಮರೆಯಿರುವ ಕೋಣೆ ಬೇಕು, ಹೆಣ್ಣು ಸಿಬ್ಬಂದಿ ಇರಬೇಕು. ಬಿಪಿ, ಶುಗರ್ ವರ್ಷಕ್ಕೊಮ್ಮೆ ನೋಡಬೇಕು, ಇದು 5 ವರ್ಷಕ್ಕೊಮ್ಮೆ. ಹಾಗಾಗಿ ಇದಕ್ಕೆ ಹುಣಸೆಬೀಜದ್ದೇ ಬೇರೆ ನಕ್ಷೆ ಹಾಕಿಸುತ್ತೇನೆ.