ಖಾಲಿ ಕೋಷ್ಟಕದಿಂದ ಶುರುವಾದ ನನ್ನ ಸಂಶೋಧನಾ ಪ್ರಸ್ತಾವನೆ

ಸ್ನಾತಕೋತ್ತರ ಪದವಿಯ ಕಿರುಪ್ರಬಂಧಕ್ಕಾಗಿ ನಾನು ಬರೆದ ಮೊದಲ ಪ್ರಸ್ತಾವನೆಯ ಶೀರ್ಷಿಕೆ ‘ವಿದ್ಯಾರ್ಥಿಗಳ ನಿದ್ರೆಯ ಮೇಲೆ ಮೊಬೈಲ್ ಬಳಕೆಯ ಪರಿಣಾಮ’ ಎಂದಿತ್ತು. ಮಾರ್ಗದರ್ಶಕರು ‘ಪರಿಣಾಮ’ ಎಂಬ ಪದದ ಕೆಳಗೆ ಗೆರೆ ಎಳೆದು, “ಒಂದೇ ಬಾರಿ ಪ್ರಶ್ನಾವಳಿ ತುಂಬಿಸಿಕೊಂಡು ಪರಿಣಾಮವನ್ನು ಹೇಗೆ ತೋರಿಸುತ್ತೀರಿ?” ಎಂದು ಕೇಳಿದರು. ನಿದ್ರೆ ಬಾರದವರು ಮೊಬೈಲ್ ಹಿಡಿಯುತ್ತಾರೋ, ಮೊಬೈಲ್ ಹಿಡಿದವರಿಗೆ ನಿದ್ರೆ ಬಾರದೋ ಎಂಬುದನ್ನು ಅಂಥ ಸಮೀಕ್ಷೆ ಬಿಡಿಸಿ ಹೇಳಲಾರದು; ಹೆಚ್ಚೆಂದರೆ ಎರಡಕ್ಕೂ ಸಂಬಂಧವಿದೆ ಎಂದಷ್ಟೇ ಹೇಳೀತು. ಆ ಒಂದು ಪದ ಬದಲಾಗುತ್ತಲೇ ಉದ್ದೇಶಗಳು, ಪ್ರಾಕ್ಕಲ್ಪನೆ (ಪರೀಕ್ಷಿಸಲು ಮುಂದಿಡುವ ಊಹೆ), ವಿಶ್ಲೇಷಣಾ ವಿಧಾನ ಎಲ್ಲವನ್ನೂ ಮತ್ತೆ ಬರೆಯಬೇಕಾಯಿತು.

ಎರಡನೆಯ ಸಲ ನಾನು ಪೀಠಿಕೆಯಿಂದ ಆರಂಭಿಸಲಿಲ್ಲ. ಹಾಳೆಯ ಮೇಲ್ತುದಿಯಲ್ಲಿ ಸಂಶೋಧನಾ ಪ್ರಶ್ನೆಯನ್ನು ಒಂದೇ ವಾಕ್ಯದಲ್ಲಿ ಬರೆದು, ಫಲಿತಾಂಶದ ಅಧ್ಯಾಯದಲ್ಲಿ ಮುಂದೆ ಬರಬೇಕಾದ ಕೋಷ್ಟಕವನ್ನು ಅಂಕಿಗಳಿಲ್ಲದೆ ಅದರ ಕೆಳಗೆ ಎಳೆದೆ. ಅಡ್ಡಸಾಲುಗಳಲ್ಲಿ ಮಲಗಿದ ಮೇಲೆ ಮೊಬೈಲ್ ನೋಡುವ ಅವಧಿ, ಕಂಬಸಾಲುಗಳಲ್ಲಿ ಒಳ್ಳೆಯ ನಿದ್ರೆ ಮತ್ತು ಕಳಪೆ ನಿದ್ರೆ. ‘ಕಳಪೆ’ ಎಂದು ಬರೆದ ಕೂಡಲೇ ಅದನ್ನು ಅಳೆಯುವುದು ಹೇಗೆಂಬ ಪ್ರಶ್ನೆ ಎದ್ದಿತು. ಹಿಂದಿನ ಅಧ್ಯಯನಗಳನ್ನು ಓದುವಾಗ ಗುರುತು ಹಾಕಿಕೊಂಡಿದ್ದ, 1989ರಲ್ಲಿ ಪ್ರಕಟವಾದ ಪಿಟ್ಸ್‌ಬರ್ಗ್ ನಿದ್ರಾ ಗುಣಮಟ್ಟ ಸೂಚ್ಯಂಕ ಆಗ ನೆರವಿಗೆ ಬಂತು. ಕಳೆದ ಒಂದು ತಿಂಗಳ ನಿದ್ರೆಯ ಬಗ್ಗೆ ಉತ್ತರಿಸುವವರೇ ತುಂಬುವ 19 ಪ್ರಶ್ನೆಗಳಿಂದ 0ರಿಂದ 21ರವರೆಗೆ ಅಂಕ ಸಿಗುತ್ತದೆ. 5ಕ್ಕಿಂತ ಹೆಚ್ಚಾದರೆ ಕಳಪೆ ನಿದ್ರೆ. ಆಹಾರ ಪದ್ಧತಿ, ವ್ಯಾಯಾಮ, ಪರೀಕ್ಷೆಯ ಒತ್ತಡ ಎಂದು ಸೇರಿಸಿಕೊಂಡಿದ್ದ ಏಳು ಉದ್ದೇಶಗಳಲ್ಲಿ ಕೋಷ್ಟಕದಲ್ಲಿ ಜಾಗ ಸಿಕ್ಕಿದ್ದು ಮೂರಕ್ಕೆ ಮಾತ್ರ. ಉಳಿದವನ್ನು ಕೈಬಿಡುವುದು ಕಷ್ಟವಾಯಿತಾದರೂ, ಪ್ರಸ್ತಾವನೆಗೆ ನಿಜವಾದ ಬಲ ಬಂದದ್ದು ಅಲ್ಲಿಂದಲೇ ಎಂದು ನಾನು ನಂಬಿದ್ದೇನೆ.

ಮಾದರಿ ಗಾತ್ರಕ್ಕೆ, ಅಂದರೆ ಎಷ್ಟು ವಿದ್ಯಾರ್ಥಿಗಳನ್ನು ಕೇಳಬೇಕೆಂಬುದಕ್ಕೆ, ಮೊದಲು ಸುಮ್ಮನೆ 200 ಎಂದು ಬರೆದಿದ್ದೆ. ಕಳಪೆ ನಿದ್ರೆಯ ಪ್ರಮಾಣ ಶೇ. 50 ಎಂದಿಟ್ಟುಕೊಂಡು, ಶೇ. 95ರ ವಿಶ್ವಾಸ ಮಟ್ಟ (ಅಂದಾಜನ್ನು ಎಷ್ಟು ನಂಬಬಹುದೆಂಬ ಅಳತೆ) ಹಾಗೂ ಶೇ. 5ರ ದೋಷಮಿತಿಗೆ (ಅಂದಾಜು ಎಷ್ಟು ಆಚೀಚೆ ಆಗಬಹುದೆಂಬ ಮಿತಿ) ಲೆಕ್ಕ ಹಾಕಿದಾಗ ಸುಮಾರು 384 ಬಂತು. ಶೇ. 10ರಷ್ಟು ಪ್ರಶ್ನಾವಳಿಗಳು ಅಪೂರ್ಣವಾಗಬಹುದೆಂದು ಅದನ್ನು 427ಕ್ಕೆ ಏರಿಸಿ, ಈ ಲೆಕ್ಕವನ್ನು ಪ್ರಸ್ತಾವನೆಯಲ್ಲೇ ಬಿಡಿಸಿ ತೋರಿಸಿದೆ. ಕಾಲಪಟ್ಟಿ ಮತ್ತು ವೆಚ್ಚದ ಅಂದಾಜು ಒಂದೇ ಸಂಜೆಯಲ್ಲಿ ಮುಗಿದವು.

ಸಲ್ಲಿಸುವ ಮುನ್ನ ಪ್ರಶ್ನೆಗಳ ಭಾಷೆಯನ್ನಷ್ಟೇ ಪರೀಕ್ಷಿಸಲು ನಾಲ್ವರು ಗೆಳೆಯರಿಗೆ ಓದಿ ಹೇಳಿದೆ. ಮನುಷ್ಯರನ್ನು ಒಳಗೊಂಡ ಸಂಶೋಧನೆಗಳನ್ನು ಪರಿಶೀಲಿಸುವ ನೈತಿಕ ಸಮಿತಿಯ ಅನುಮತಿ ಇನ್ನೂ ಸಿಕ್ಕಿರದ ಕಾರಣ ಅವರ ಉತ್ತರಗಳನ್ನು ಬರೆದಿಟ್ಟುಕೊಳ್ಳಲಿಲ್ಲ. ‘ಮಲಗಿದ ಮೇಲೆ’ ಎಂದರೆ ಇಬ್ಬರಿಗೆ ಹಾಸಿಗೆಗೆ ಹೋದ ಮೇಲೆ, ಇನ್ನಿಬ್ಬರಿಗೆ ದೀಪ ಆರಿಸಿದ ಮೇಲೆ. ಆ ರಾತ್ರಿಯೇ ಪ್ರಶ್ನಾವಳಿಯಲ್ಲೂ ಕೋಷ್ಟಕದಲ್ಲೂ ‘ದೀಪ ಆರಿಸಿದ ಮೇಲೆ’ ಎಂದು ತಿದ್ದಿ, ಮರುದಿನ ಪ್ರಸ್ತಾವನೆಯನ್ನು ಮಾರ್ಗದರ್ಶಕರ ಕೈಗಿತ್ತೆ.